ಕಿಟಕಿ ಪಕ್ಕದ ಕೋಟು

ಮೈಸೂರಿನ ಒಂದು ವಿಮಾ ಕಂಪನಿ ಅರ್ಧ ವಾರ ಮನೆಯಿಂದ, ಅರ್ಧ ವಾರ ಆಫೀಸಿನಿಂದ ಕೆಲಸ ಅಂತ ಮಾಡಿದ ಮೇಲೆ ಯಾರಿಗೂ ಸ್ವಂತ ಜಾಗ ಉಳಿಯಲಿಲ್ಲ. ಖಾಲಿ ಕಂಡ ಕುರ್ಚಿಯಲ್ಲಿ ಕೂರಬೇಕು, ಅಷ್ಟೆ. ಆದರೆ ಮ್ಯಾನೇಜರ್ ಪದ್ಮನಾಭಯ್ಯನವರು ಕಿಟಕಿ ಪಕ್ಕದ ಕುರ್ಚಿಗೆ ತಮ್ಮ ಕೋಟು ತೊಡಿಸಿ, ತಾವು ಮನೆಯಲ್ಲಿ ಹಾಯಾಗಿರುತ್ತಿದ್ದರು. ಕ್ಲರ್ಕ್ ಸರ್ವಮಂಗಳಾಗೆ ಸಿಗುತ್ತಿದ್ದದ್ದು ಟಾಯ್ಲೆಟ್ ಬಾಗಿಲ ಪಕ್ಕದ ಜಾಗ. ಬಾಗಿಲು ತೆರೆದಾಗಲೆಲ್ಲ ಒಂದು ಕೈಯಲ್ಲಿ ಮೂಗು ಹಿಡಿದು, ಇನ್ನೊಂದು ಕೈಯಲ್ಲಿ ಟೈಪ್ ಮಾಡಬೇಕು.

ಒಂದು ದಿನ ಕೇಳಿಯೇಬಿಟ್ಟಳು. "ಸರ್, ನೀವು ಬರದ ದಿನ ಅಲ್ಲಿ ನಾನು ಕೂರಲಾ?"

"ಎಲ್ಲಾದ್ರೂ ಉಂಟೇನಮ್ಮಾ? ಕೋಟು ಇದೆ ಅಂದ್ರೆ ನಾನೇ ಇದ್ದೀನಿ ಅಂತ ಅರ್ಥ. ನನಗೆ ಕೊಡೋ ಮರ್ಯಾದೆ ಅದಕ್ಕೂ ಕೊಡಿ."

"ಆಗಲಿ ಸರ್."

ಮಾರನೆಯ ದಿನ ಸಾಹೇಬರು ಮನೆಯಲ್ಲಿ, ಕೋಟು ಆಫೀಸಿನಲ್ಲಿ. ಊಟವಾದ ಮೇಲೆ ಸರ್ವಮಂಗಳಾ ಕೋಟಿನ ಮುಂದೆ ಕೈಕಟ್ಟಿ ನಿಂತಳು. "ಸರ್, ಇವತ್ತು ಎಲ್ಲರೂ ಬೇಗ ಮನೆಗೆ ಹೋಗಬಹುದಾ?"

ಕೋಟು ತುಟಿಪಿಟಕ್ಕೆನ್ನಲಿಲ್ಲ.

"ಥ್ಯಾಂಕ್ಯೂ ಸರ್" ಅಂತ ಬಗ್ಗಿ ನಮಸ್ಕರಿಸಿದಳು. ಆಫೀಸಿಗೆ ಆಫೀಸೇ ನಗುತ್ತಾ ಚೀಲ ಹೆಗಲಿಗೇರಿಸಿತು.

ಮರುದಿನ ಪದ್ಮನಾಭಯ್ಯ ಕೆಂಡವಾಗಿ ಬಂದರು. "ನಿನ್ನೆ ಫೋನ್ ಮಾಡಿದ್ರೆ ಒಬ್ಬರೂ ಎತ್ತಲಿಲ್ಲ! ಯಾರನ್ನ ಕೇಳಿ ಮನೆಗೆ ಹೋದ್ರಿ?"

"ನಿಮ್ಮನ್ನೇ ಕೇಳಿದ್ವಲ್ಲ ಸರ್. ನೀವು ಬೇಡ ಅನ್ನಲಿಲ್ಲ."

"ನಾನೆಲ್ಲಮ್ಮಾ ಇದ್ದೆ ಇಲ್ಲಿ? ಆ ಕುರ್ಚೀಲಿ ಯಾರೂ ಇರಲಿಲ್ಲ!"

"ಅಯ್ಯೋ, ಖಾಲಿ ಇತ್ತಾ ಸರ್?" ಅಂದಳು ಸರ್ವಮಂಗಳಾ.

ಎಲ್ಲರೂ ಕಂಪ್ಯೂಟರಿನ ಹಿಂದೆ ಮುಖ ಬಚ್ಚಿಟ್ಟರು. ಅವತ್ತು ಸಂಜೆ ಸಾಹೇಬರು, ಅಂಥ ಬೇಸಿಗೆಯಲ್ಲೂ, ಕೋಟು ತೊಟ್ಟುಕೊಂಡೇ ಮನೆಗೆ ಹೋದರು.