ಗಡಿಯ ಮೇಲಿನ ಗಾಣ

ಮೂಡಲ ಪಾಳೆಯಗಾರರಿಗೂ ಪಡುವಲ ಪಾಳೆಯಗಾರರಿಗೂ ಒಪ್ಪಂದವಾಯಿತು. ಈಶ್ವರನ ಗುಡಿಯಲ್ಲಿ ನಂದಾದೀಪ ಹಚ್ಚಿ, ಅದು ಉರಿಯುತ್ತಿರುವವರೆಗೆ ಕತ್ತಿ ಹಿರಿಯುವುದಿಲ್ಲವೆಂದು ಇಬ್ಬರೂ ಆಣೆಯಿಟ್ಟರು. ಗುಡಿಯ ಸುತ್ತ ಹೊಸ ಪೇಟೆ ಬೆಳೆಯತೊಡಗಿತು. ಗಡಿಯ ಗೆರೆ ಮಾತ್ರ ಗಾಣಿಗರ ಸಂಕವ್ವನ ಗಾಣದ ನಡುವೆಯೇ ಹಾದುಹೋಯಿತು.

ಒಂದು ಬೆಳಿಗ್ಗೆ ಮೂಡಲ ಸೀಮೆಯ ಪಾರುಪತ್ಯಗಾರ ಬಂದು ಮೀಸೆ ತಿರುವಿದ.

"ನಿನ್ನ ಎತ್ತು ಸುತ್ತುಸುತ್ತಿಗೂ ಗಡಿ ದಾಟುತ್ತದೆ. ದಾಟಿದಾಗಲೆಲ್ಲ ನನ್ನ ಅಪ್ಪಣೆ ಬೇಕು. ಇಲ್ಲವೇ ಗಾಣ ಕಿತ್ತುಕೋ!"

"ಗಾಣ ಮಾತ್ರ ಕೀಳಲಾರೆ ಸ್ವಾಮಿ. ಅಪ್ಪಣೆಯನ್ನೇ ಕೇಳುತ್ತೇನೆ."

ಸಂಕವ್ವ ಎತ್ತನ್ನು ಗೆರೆಯ ಮೇಲೆ ನಿಲ್ಲಿಸಿ ಕೈಮುಗಿದಳು. ಅವನು ಅಪ್ಪಣೆ ಕೊಟ್ಟ. ಎತ್ತು ಅರ್ಧ ಸುತ್ತು ಬಂತು, ಮತ್ತೆ ನಿಂತಿತು. ಮಧ್ಯಾಹ್ನದ ಹೊತ್ತಿಗೆ ಗಂಟಲೊಣಗಿ ಪಾರುಪತ್ಯಗಾರ ಊಟಕ್ಕೆ ಎದ್ದ. ಸಂಕವ್ವ ಎತ್ತು ಬಿಚ್ಚಲು ಹೋದಳು.

"ಯಾಕೆ ಬಿಚ್ಚುತ್ತೀ?"

"ಅಪ್ಪಣೆ ಕೊಡುವವರೇ ಹೊರಟಿರಲ್ಲ. ನಂದಾದೀಪಕ್ಕೆ ಈ ಗಾಣದ್ದೇ ಎಣ್ಣೆ, ಸಂಜೆಗೆ ಮುಗಿಯುತ್ತದೆ. ದೀಪ ಆರಿದರೆ ಯುದ್ಧ. ಯಾರಿಂದ ಆರಿತೆಂದು ದೊರೆಗಳು ಕೇಳಿದರೆ, ತಮ್ಮ ಹೆಸರು ಹೇಳಲೇ?"

ಪಾರುಪತ್ಯಗಾರ ಬೆವೆತುಹೋದ. ಊಟ ಮರೆತು, ರುಮಾಲು ಬಿಚ್ಚಿ ಸೊಂಟಕ್ಕೆ ಕಟ್ಟಿ, "ಹೈ, ಹೈ" ಎನ್ನುತ್ತ ತಾನೇ ಎತ್ತು ಹೊಡೆದುಕೊಂಡು ಹೊರಟ.

"ನಿಲ್ಲಿ ಸ್ವಾಮಿ," ಎಂದಳು ಸಂಕವ್ವ. "ಪಡುವಲ ಸೀಮೆಗೆ ಬಂದುಬಿಟ್ಟಿರಿ. ತಮಗೆ ಅಪ್ಪಣೆ ಕೊಟ್ಟವರು ಯಾರು?"