ಗೆರೆಯ ಮೇಲೆ ಬಿದ್ದ ಚೆಂಡು

“ಗುರುಗಳೇ, ಮೇಲೇರುವಾಗ ಮಾಡಿದ ತಪ್ಪನ್ನು ಮೇಲೇರಿದ ಮೇಲೆ ಒಪ್ಪಿಕೊಂಡರೆ ಸಾಲದೇ? ಆಗ ಹೇಳುವವನ ಮಾತಿಗೆ ತೂಕವೂ ಇರುತ್ತದೆ” ಎಂದು ಶಿಷ್ಯ ಕೇಳಿದ. ಮುಂದಿನ ವಾರ ಅವನು ಆಶ್ರಮದ ಪಾಠಶಾಲೆಯ ಮುಖ್ಯಸ್ಥನಾಗುವವನಿದ್ದ.

ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕಥೆ ಹೇಳಿದರು.

ಒಬ್ಬ ಹುಡುಗಿ ಟೆನಿಸ್ ಆಡುತ್ತಿದ್ದಳು. ಸಣ್ಣ ಪಂದ್ಯಗಳಲ್ಲಿ ಅಂಪೈರ್ ಇರುವುದಿಲ್ಲ. ತನ್ನ ಕಡೆ ಬಿದ್ದ ಚೆಂಡು ಒಳಗೋ ಹೊರಗೋ ಎಂದು ಆಡುವವಳೇ ಹೇಳಬೇಕು. ಗೆರೆ ಮುಟ್ಟಿದರೂ ಒಳಗೆಂದೇ ಲೆಕ್ಕ. ಮಣ್ಣಿನ ಅಂಗಣದಲ್ಲಿ ಚೆಂಡಿನ ಗುರುತು ಉಳಿಯುತ್ತದೆ. ಸಂಶಯವಿದ್ದರೆ ಎದುರಾಳಿ ಅದನ್ನು ತೋರಿಸೆಂದು ಕೇಳಬಹುದು.

ಅಂದು ಕೊನೆಯ ಪಂದ್ಯ. ಗೆದ್ದವಳೊಬ್ಬಳಿಗೆ ಮಾತ್ರ ಹೊರದೇಶಕ್ಕೆ ಹೋಗಿ ಆಡುವ ಅವಕಾಶ. ಹುಡುಗಿಗೆ ಇನ್ನೊಂದೇ ಅಂಕ ಸಾಕಿತ್ತು, ಆದರೆ ಅವಳ ಕಾಲು ಸೋತಿತ್ತು. ಎದುರಾಳಿ ಮಾತ್ರ ಆಡಿದಷ್ಟೂ ಚುರುಕಾಗುತ್ತಿದ್ದಳು. ಎದುರಾಳಿ ಹೊಡೆದ ಚೆಂಡು ಗೆರೆಯ ಮೇಲೇ ಬಿತ್ತು. ಹುಡುಗಿ ಬೆರಳೆತ್ತಿ “ಔಟ್” ಎಂದಳು.

“ಸರಿಯಾಗಿ ನೋಡಿದೆಯೇನೇ?”

“ನೋಡೇ ಹೇಳಿದ್ದು.”

ಎದುರಾಳಿ ಗುರುತು ಕೇಳಲಿಲ್ಲ. ಬಂದು ಕೈ ಕುಲುಕಿದಳು.

ಆಟ ಮುಗಿದ ಮೇಲೆ ಗೋಣಿತಾಟು ಎಳೆದು ಅಂಗಣವನ್ನು ಸಮ ಮಾಡಿ ಹೋಗುವುದು ಅಲ್ಲಿಯ ಪದ್ಧತಿ. ಎದುರಾಳಿ ತಾಟಿಗೆ ಕೈ ಹಾಕಿದಳು. “ಬಿಡು, ನೀನು ದಣಿದಿದ್ದೀಯ” ಎಂದು ಹುಡುಗಿ ಅದನ್ನು ಕಸಿದುಕೊಂಡು ಆ ಗೆರೆಯ ಬಳಿಯಿಂದಲೇ ಶುರುಮಾಡಿ ತಾನೊಬ್ಬಳೇ ಎಳೆದಳು. ನೋಡುತ್ತಿದ್ದವರು, “ಗೆದ್ದರೂ ಒಂದಿಷ್ಟು ಜಂಬ ಇಲ್ಲ ನೋಡ್ರೀ” ಎಂದು ಹೊಗಳಿದರು.

ಆಮೇಲೆ ಅವಳು ಏರುತ್ತಲೇ ಹೋದಳು. ದುಡಿದಳು, ಗೆದ್ದಳು. ಆ ಗೆಲುವುಗಳಲ್ಲಿ ಮೋಸವಿರಲಿಲ್ಲ. ದೊಡ್ಡ ಅಂಗಣಗಳಲ್ಲಿ ಗೆರೆ ನೋಡಲು ಯಂತ್ರಗಳಿದ್ದವು. ಅವಳ ಮಾತು ಯಾರಿಗೂ ಬೇಕಿರಲಿಲ್ಲ. ಪ್ರತಿ ಗೆಲುವಿನ ನಂತರವೂ ಅವಳು, ಇನ್ನೊಂದು ಮೆಟ್ಟಿಲು ಹತ್ತಿ ಹೇಳುತ್ತೇನೆ ಎಂದುಕೊಂಡಳು. ದೇಶಕ್ಕೇ ಮೊದಲಿಗಳಾದ ವರ್ಷ, ಹೇಳಿಬಿಡಬೇಕೆಂದು ಎದುರಾಳಿಯ ಊರಿಗೆ ಹೋದಳು.

ಎದುರಾಳಿ ಅಲ್ಲಿ ಮಕ್ಕಳಿಗೆ ಆಟ ಕಲಿಸುತ್ತಿದ್ದಳು. ಇವಳನ್ನು ಕಂಡು ಓಡಿಬಂದು ತಬ್ಬಿಕೊಂಡಳು. “ನನ್ನನ್ನು ಸೋಲಿಸಿಯೇ ಅಲ್ಲವೇನೇ ನೀನು ಇಷ್ಟು ದೊಡ್ಡವಳಾಗಿದ್ದು? ಪೇಪರಿನವರ ಹತ್ತಿರ ಒಮ್ಮೆಯಾದರೂ ನನ್ನ ಹೆಸರು ಹೇಳಬಾರದಿತ್ತೇ?” ಎಂದು ನಕ್ಕಳು.

“ಅದೇ ಪಂದ್ಯದ ವಿಷಯ ಮಾತಾಡೋಣ ಅಂತಲೇ ಬಂದೆ.”

“ಇರು, ಮಕ್ಕಳೂ ಕೇಳಲಿ” ಎಂದು ಎದುರಾಳಿ ಎಲ್ಲರನ್ನೂ ಕರೆದು ಕೂರಿಸಿದಳು. “ಈ ಅಕ್ಕ ಔಟ್ ಅಂದಳು. ನಾನು ಗುರುತು ಕೇಳಲಿಲ್ಲ. ಯಾಕೆ? ಎದುರು ಆಡುವವರ ಮಾತನ್ನು ನಂಬಬೇಕು. ಆ ನಂಬಿಕೆ ಇಲ್ಲದಿದ್ದರೆ ಇದು ಆಟವೇ ಅಲ್ಲ. ಈಗ ನೀನು ಹೇಳಮ್ಮ.”

ಆಟಗಾರ್ತಿ ಎದ್ದು ನಿಂತಳು. ಮಕ್ಕಳು ಅವಳನ್ನೇ ನೋಡುತ್ತಿದ್ದರು.

“ನಿಮ್ಮ ಗುರುಗಳು ಹೇಳಿದ್ದನ್ನು ಮರೆಯಬೇಡಿ” ಎಂದಳು.

ಮಕ್ಕಳು ಚಪ್ಪಾಳೆ ತಟ್ಟಿದರು. ಅವಳು ಅವರ ರ‍್ಯಾಕೆಟ್‌ಗಳ ಮೇಲೆ ಒಂದೊಂದಾಗಿ ಸಹಿ ಹಾಕಿ ಕೊಟ್ಟಳು. ಊಟಕ್ಕೆ ಕರೆದರೆ ನಿಲ್ಲದೆ ಹೊರಟಳು. ಮರುವರ್ಷ ಇನ್ನೂ ದೊಡ್ಡ ಪಂದ್ಯ ಗೆದ್ದಳು. ಆ ಊರಿನ ಕಡೆ ಮತ್ತೆ ಹೋಗಲಿಲ್ಲ.

ಶಿಷ್ಯನಿಗೆ ತಡೆಯಲಾಗಲಿಲ್ಲ. “ಮಕ್ಕಳು ಎದ್ದುಹೋದ ಮೇಲಾದರೂ ಹೇಳಬಹುದಿತ್ತಲ್ಲ, ಗುರುಗಳೇ?” ಎಂದ.

ಗುರುಗಳು, “ಅವಳ ವಿಷಯ ಬಿಡು, ಮುಖ್ಯಸ್ಥನಾಗುವ ಮೊದಲು ನೀನು ತಪ್ಪು ಒಪ್ಪಿಕೊಳ್ಳಲು ಹೋಗಬೇಕಾದದ್ದು ಯಾರ ಬಳಿಗೆ?” ಎಂದರು.