ಉಗ್ರಪ್ಪ ಕೆಂಪು ಕಾರು ಸಾಕಿದ್ದು

ಚಳ್ಳಕೆರೆಯಲ್ಲಿ ಓಬಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬ ಮಗ, ಒಂದು ಕಾರು. ಕಾರು ಯಾರ ಮಾತೂ ಕೇಳುತ್ತಿರಲಿಲ್ಲ. ಮಗ ಎಲ್ಲರ ಮಾತೂ ಕೇಳುತ್ತಿದ್ದ. ಹೆಚ್ಚು ತೊಂದರೆ ಮಗನಿಂದಲೇ.

ಮಗನ ಹೆಸರು ಉಗ್ರಪ್ಪ. ಹೆಸರಲ್ಲಿದ್ದ ಉಗ್ರ ಬೇರೆಲ್ಲೂ ಇರಲಿಲ್ಲ. ಕಾರು ಮೊದಲು ಎಣ್ಣೆ ಮಿಲ್ಲಿನ ಸಾಹುಕಾರನದು: ಕೆಂಪು ಬಣ್ಣ, ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ. ರೇಸಿನ ಗಾಡಿ ಅಂತೆ. ಸಾಹುಕಾರ ಅದಕ್ಕೆ ದುಡ್ಡು ಸುರಿದು ಸುರಿದು ಸಾಕಾಗಿ, ತನ್ನ ಡ್ರೈವರ್ ಬೋರಯ್ಯನಿಗೆ ಉಡುಗೊರೆ ಕೊಟ್ಟ. ಊರವರು ಸಾಹುಕಾರನ ಧಾರಾಳತನ ಹೊಗಳಿದರು. ಅವರು ಯಾರೂ ಆ ಕಾರಿಗೆ ರಿಪೇರಿ ಸಾಮಾನು ಹುಡುಕಿದವರಲ್ಲ. ಬೋರಯ್ಯ ಅದನ್ನು ಒರೆಸುತ್ತ ಒರೆಸುತ್ತಲೇ ತೀರಿಕೊಂಡ. ಹೆಂಡತಿ ಓಬಮ್ಮ ಕೋಡುಬಳೆ ಮಾಡಿ, ಬುಟ್ಟಿ ತಲೆ ಮೇಲೆ ಹೊತ್ತು ಸಂತೆಗೆ ನಡೆದಳು. ಆ ಕಾರಿನಲ್ಲಿ ಬುಟ್ಟಿ ಹಿಡಿಸುತ್ತಿರಲಿಲ್ಲ.

ಹೀಗಿರುವಾಗ ಚಿತ್ರದುರ್ಗದ ಪಾಲಯ್ಯ ಬಂದ. ಹಳೇ ಕಾರಿನ ಹುಚ್ಚು ಅವನಿಗೆ.

"ಓಬಮ್ಮ, ಈ ಕಾರು ನನಗೆ ಕೊಡು. ಬದಲಿಗೆ ಒಂದು ಲಗೇಜ್ ಆಟೋ ಕೊಡ್ತೀನಿ. ಆಯುಧಪೂಜೆ ದಿನ ಬರ್ತೀನಿ. ನಾನು ಕೂತು ಊರು ಒಂದು ಸುತ್ತು ಹಾಕಿದಾಗ ಕಾರು ನಿಲ್ಲಬಾರದು. ನಿಂತರೆ ಆಟೋ ಇಲ್ಲ."

ಓಬಮ್ಮ ತಲೆ ಮುಟ್ಟಿಕೊಂಡಳು. ಬುಟ್ಟಿ ಹೊತ್ತೂ ಹೊತ್ತೂ ನೆತ್ತಿಯ ಕೂದಲು ಸವೆದಿತ್ತು. "ಆಗ್ಲಿ ಸ್ವಾಮಿ" ಅಂದಳು.

"ದಿನಾ ಒಂಚೂರು ಓಡಿಸ್ತಿರು ಕಣಪ್ಪ. ನಿಲ್ಲಿಸಿಟ್ರೆ ಕೆಡ್ತದೆ" ಅಂತ ಉಗ್ರಪ್ಪನಿಗೆ ಹೇಳಿ ಪಾಲಯ್ಯ ಹೋದ.

ಮಾರನೇ ದಿನ ಓಬಮ್ಮ ಒಲೆ ಮೇಲೆ ಕಡುಬು ಇಟ್ಟು ಮಗನನ್ನು ಕೂರಿಸಿದಳು. "ಆವಿ ಬಂತು ಅಂತ ಹೆದರಬ್ಯಾಡ. ಉರಿ ಆರಿಸಬ್ಯಾಡ. ಮುಚ್ಚಳ ತೆಗೀಬ್ಯಾಡ. ಚೆನ್ನಾಗಿ ಬೇಯ್ಲಿ."

ಕಡುಬು ಚೆನ್ನಾಗಿ ಬೆಂದವು. ತಿಂದು ಉಗ್ರಪ್ಪ ಕಾರು ತೆಗೆದ. ಬಳ್ಳಾರಿ ರಸ್ತೆಯಲ್ಲಿ ಬಾನೆಟ್ಟಿನಿಂದ ಬುಸಬುಸ ಆವಿ ಬಂತು. ದಾರಿಹೋಕರು ಕೂಗಿದರು: "ಲೇ, ಹೊಗೆ! ಆಫ್ ಮಾಡ್ಲಾ!"

"ಬೇಯ್ಲಿ ಬಿಡ್ರಿ" ಅಂದ ಉಗ್ರಪ್ಪ.

ಬೆಂದಿತು. ರೇಡಿಯೇಟರ್ ಪೈಪು ಢಬ್ ಎಂದು ಸಿಡಿಯಿತು.

ಮೆಕ್ಯಾನಿಕ್ ದಸ್ತಗೀರ್ ಸಾಬರು ಬಂದು ಹಣೆ ಬಡಿದುಕೊಂಡರು. "ಅಯ್ಯೋ ಪೆದ್ದೇ! ಗಾಡಿ ಕೈಕೊಟ್ರೆ ಬಾನೆಟ್ ಎತ್ತಬೇಕು, ಗಾಳಿ ಆಡಿಸಬೇಕು. ತಣ್ಣಗಾಗೋ ತನಕ ಕಾಯಬೇಕು!" ಆಮೇಲೆ ಎಂದಿನ ಮಾತು: "ಇದರ ಸಾಮಾನು ಇಲ್ಲಿ ಸಿಗಲ್ಲ. ಬೆಂಗಳೂರಿಂದ ತರಿಸಬೇಕು."

ಆ ಸಂತೆಯ ಕೋಡುಬಳೆ ದುಡ್ಡು ಪೈಪಿಗೆ ಹೋಯಿತು.

"ಇನ್ನೊಂದ್ಸಲ ಹಂಗೇ ಮಾಡ್ತೀನವ್ವ" ಅಂದ ಉಗ್ರಪ್ಪ.

ಇನ್ನೊಂದು ಬೆಳಿಗ್ಗೆ ಕೀಲಿ ತಿರುಗಿಸಿದರೆ ಕಾರು ಕಟಕ್ ಅಂತು. ಮತ್ತೆ ತಿರುಗಿಸಿದ. ಕಟಕ್. ಗಾಡಿ ಕೈಕೊಟ್ಟಿತು! ಉಗ್ರಪ್ಪ ಬಾನೆಟ್ ಎತ್ತಿದ. ಮನೆಯಿಂದ ಮೊರ ತಂದು ಗಾಳಿ ಬೀಸಿದ. ಒದ್ದೆ ಗೋಣಿಚೀಲ ಹೊದಿಸಿದ. ಮತ್ತೆ ಬೀಸಿದ. ಓಬಮ್ಮ ಸಂತೆ ಮುಗಿಸಿ ಬಂದಾಗಲೂ ಬೀಸುತ್ತಿದ್ದ.

"ಏನಲಾ ಮಾಡ್ತಿದ್ದೀಯ?"

"ತಣ್ಣಗೆ ಮಾಡ್ತಿದ್ದೀನವ್ವ."

"ಅದು ಬಿಸಿ ಯಾವಾಗ ಆಗಿತ್ತೋ!"

ದಸ್ತಗೀರ್ ಸಾಬರು ಬಂದು ನೋಡಿದರು. ಬ್ಯಾಟರಿ ಮೊದಲೇ ಮುದಿ. ಗೋಣಿಚೀಲದ ನೀರು ಇಳಿದು ಉಳಿದ ಜೀವವೂ ಹೋಗಿತ್ತು. "ಬ್ಯಾಟರಿ ಕೂತ್ರೆ ಗಾಳಿ ಬೀಸ್ತಾರೇನೋ? ಗಾಡಿ ಹೊರಡದಿದ್ರೆ ನಾಲ್ಕು ಜನರನ್ನ ಕರಿ. ತಳ್ಳಿಸು! ಬ್ಯಾಟರಿ ಬೆಂಗಳೂರಿಂದ ತರಿಸಬೇಕು."

ಆ ಸಂತೆಯ ದುಡ್ಡು ಬ್ಯಾಟರಿಗೆ ಹೋಯಿತು.

"ಇನ್ನೊಂದ್ಸಲ ಹಂಗೇ ಮಾಡ್ತೀನವ್ವ."

ಮಳೆ ಬಂದು ಕಾರು ಎರಡು ದಿನ ನಿಂತಿತು. ಮೂರನೇ ದಿನ ಇಂಜಿನ್ ಗುರ್ ಅಂತು, ಕಾರು ಮಾತ್ರ ಕದಲಲಿಲ್ಲ. ಗಾಡಿ ಹೊರಡುತ್ತಿಲ್ಲ! ಉಗ್ರಪ್ಪ ಟೀ ಅಂಗಡಿಗೆ ಓಡಿದ. ಕೆಲಸವಿಲ್ಲದ ಜನಕ್ಕೆ ಅಲ್ಲಿ ಎಂದೂ ಬರವಿಲ್ಲ. ಎಲ್ಲರೂ ಬಂದರು, ತಳ್ಳಿದರು. "ಐಸಾ! ಐಸಾ!" ಹಿಂದಿನ ಚಕ್ರ ಸುತ್ತಲಿಲ್ಲ, ಕರಕರ ಎಳೆದುಕೊಂಡೇ ಬಂತು. ಓಬಮ್ಮನ ಬಾಗಿಲಿಂದ ಬಸ್ ಸ್ಟ್ಯಾಂಡಿನ ತನಕ ರಸ್ತೆಯಲ್ಲಿ ಎರಡು ಕಪ್ಪು ಗೆರೆ. ಟೈರು ಒಂದು ಕಡೆ ಸಪಾಟು.

ದಸ್ತಗೀರ್ ಸಾಬರು ಟೋಪಿ ತೆಗೆದು ನೆಲಕ್ಕೆ ಎಸೆದರು. "ಬ್ರೇಕ್ ತುಕ್ಕು ಹಿಡಿದು ಕಚ್ಕೊಂಡೈತೆ! ಗಾಡಿ ಕದಲದಿದ್ರೆ ತಳ್ಳಬ್ಯಾಡ ಕಣೋ! ಚಕ್ರನ ಏನು ತಡೆದೈತೆ ಅಂತ ನೋಡು. ತಡೆದಿರೋದನ್ನ ತೆಗೆದು ಹಾಕು! ಈ ಟೈರು ಬೆಂಗಳೂರಲ್ಲೂ ಸಿಗಲ್ಲ. ಬೊಂಬಾಯಿಂದ ತರಿಸಬೇಕು."

ಎರಡು ಸಂತೆಯ ದುಡ್ಡು ಟೈರಿಗೆ ಹೋಯಿತು.

"ಇನ್ನೊಂದ್ಸಲ ಹಂಗೇ ಮಾಡ್ತೀನವ್ವ."

"ಬ್ಯಾಡ ಕಣಪ್ಪ! ಇನ್ನೊಂದ್ಸಲಾನೇ ಬ್ಯಾಡ!" ಅಂದಳು ಓಬಮ್ಮ.

ಮನೆ ಇದ್ದದ್ದು ಏರಿನಲ್ಲಿ. ಹ್ಯಾಂಡ್ ಬ್ರೇಕಿನ ಮೇಲೆ ನಂಬಿಕೆಯಿಲ್ಲದೆ ಓಬಮ್ಮ ಚಕ್ರದ ಹಿಂದೆ ಕಲ್ಲು ಕೊಟ್ಟಿದ್ದಳು. ಆಯುಧಪೂಜೆಯ ಹಿಂದಿನ ದಿನ ಉಗ್ರಪ್ಪ ಕಾರು ತೊಳೆಯಲು ಬಂದ. ಬಗ್ಗಿದ. ಕಲ್ಲು ಕಂಡ. ಚಕ್ರವನ್ನು ತಡೆದಿದೆ! ಕಿತ್ತು ದೂರ ಎಸೆದ.

ಕಾರು ಹಿಂದಕ್ಕೆ ಹೊರಟಿತು. ಅಷ್ಟು ವೇಗವಾಗಿ ಅದು ಸಾಹುಕಾರನ ಕಾಲದಲ್ಲೂ ಓಡಿರಲಿಕ್ಕಿಲ್ಲ. ಇಳಿಜಾರಿನ ಕೊನೆಗೆ ಊರ ಯಜಮಾನರಾದ ಗೊಂಚಿಕಾರರ ತಿಪ್ಪೆಗೆ ಹೊಕ್ಕು ಮೆತ್ತಗೆ ನಿಂತಿತು. ಒಂದು ಗೀರೂ ಆಗಲಿಲ್ಲ. ನೀರು ಹಾಕಿ ತೊಳೆದರು. ಆ ಕಾರಿಗೆ ಪುಕ್ಕಟೆ ಆದ ರಿಪೇರಿ ಅದೊಂದೇ.

ಓಬಮ್ಮನಿಗೆ ಮಾತ್ರ ಜೀವ ಬಾಯಿಗೆ ಬಂದಿತ್ತು. "ನಾಳೆ ಪಾಲಯ್ಯ ಬರ್ತಾನೆ! ಇದು ಹೋದ್ರೆ ನಾನು ಸಾಯೋ ತನಕ ಬುಟ್ಟಿ ಹೊರಬೇಕಲ್ಲೋ! ಕೇಳಿಲ್ಲಿ. ಚಕ್ರದ ಕೆಳಗೆ ಯಾವಾಗ್ಲೂ ಏನಾದ್ರೂ ಇರಬೇಕು. ಬರೀ ಚಕ್ರ ಬಿಡಬ್ಯಾಡ!"

"ಹಂಗೇ ಮಾಡ್ತೀನವ್ವ."

ಆಯುಧಪೂಜೆ ದಿನ ಕಾರಿಗೆ ಕುಂಕುಮ, ಚೆಂಡು ಹೂವಿನ ಹಾರ. ಕುಂಬಳಕಾಯಿ ಒಡೆದರು. ನಾಲ್ಕು ಚಕ್ರದಡಿಗೆ ನಾಲ್ಕು ನಿಂಬೆಹಣ್ಣು. ಪಾಲಯ್ಯ ಆಟೋ ತಂದು ನಿಲ್ಲಿಸಿ, ಕಾರಿನಲ್ಲಿ ಕೂತ. ಓಬಮ್ಮ ಕೈಮುಗಿದು ನಿಂತಳು. ಇಂಜಿನ್ ಮೊದಲ ಸಲಕ್ಕೇ ಹತ್ತಿತು! ಕಾರು ಹೊರಟಿತು! ಪಚ್, ಪಚ್ ಅಂತ ನಿಂಬೆಹಣ್ಣು ಜಜ್ಜಿಹೋದವು.

ಉಗ್ರಪ್ಪ ಬಗ್ಗಿ ನೋಡಿದ. ಬರೀ ಚಕ್ರ!

ಪೂಜೆಯಲ್ಲಿ ಉಳಿದ ನಿಂಬೆಹಣ್ಣು ಬಾಚಿಕೊಂಡು ಕಾರಿನ ಮುಂದೆ ಓಡಿದ. ರೇಸಿನ ಕಾರನ್ನು ಓಡಿ ಹಿಂದೆ ಹಾಕುವುದು ಕಷ್ಟವಾಗಲಿಲ್ಲ. ಚಕ್ರದಡಿಗೆ ಒಂದೊಂದೇ ಎಸೆದ. ನಿಂಬೆ ಮುಗಿಯಿತು. ಮನೆಯೊಳಗೆ ಓಡಿ ಬುಟ್ಟಿ ತಂದ. ನಾಳಿನ ಸಂತೆಯ ಕೋಡುಬಳೆ! ಎಸೆದ. ಪುಡಿ. ಎಸೆದ. ಪುಡಿ. ಊರು ಪೂರ್ತಿ ಒಂದು ಸುತ್ತು. ಜನ ಇದ್ಯಾವುದೋ ದೊಡ್ಡ ಹರಕೆ ಅಂದುಕೊಂಡು ಚಪ್ಪಲಿ ಬಿಟ್ಟು ಕೈಮುಗಿದರು.

ಕಾರು ನಿಲ್ಲಲಿಲ್ಲ. ಪಾಲಯ್ಯ ಇಳಿದಾಗ ಅವನ ಕಣ್ಣಲ್ಲಿ ನೀರು. "ಇಂಥಾ ಭಕ್ತಿಯಿಂದ ಗಾಡಿ ಸಾಕಿದವರನ್ನ ನಾನು ಕಂಡಿಲ್ಲ ಓಬಮ್ಮ. ತಗೋ, ಆಟೋ ಕೀಲಿ." ಹಾರ ಹಾಕಿದ್ದ ಕಾರನ್ನು ಓಡಿಸಿಕೊಂಡು ಹೋದ. ದುರ್ಗ ಮುಟ್ಟಿದನೋ ಇಲ್ಲವೋ, ನಮಗೆ ಬೇಡ.

ಓಬಮ್ಮ ಕೀಲಿ ಹಿಡಿದು ನಕ್ಕಳು. ಬುಟ್ಟಿ ನೋಡಿ ಅತ್ತಳು. "ನನ್ನ ಕೋಡುಬಳೆ ಎಲ್ಲಾ ರಸ್ತೆಗೆ ಹಾಕಿದ್ಯಲ್ಲೋ! ಇನ್ಮೇಲೆ ಚಕ್ರದ ಕೆಳಗೆ ಏನೂ ಇಡಬ್ಯಾಡ! ಕೇಳ್ತಾ? ಏನೂ ಇರಕೂಡದು!"

"ಹಂಗೇ ಮಾಡ್ತೀನವ್ವ."

ರಾತ್ರಿಯೆಲ್ಲ ಕೂತು ಹೊಸದಾಗಿ ಕೋಡುಬಳೆ ಕರಿದಳು. ಬೆಳಿಗ್ಗೆ ಬುಟ್ಟಿ ಹಿಡಿದು, ಹೊಸ ಸೀರೆ ಉಟ್ಟು ಹೊರಗೆ ಬಂದಳು.

ಆಟೋ ಗಾಳಿಯಲ್ಲಿ ನಿಂತಿತ್ತು. ಪಾಲಯ್ಯನಿಗೆ ಕಾರಿನ ಜಾಕಿ ಕೊಡಲು ಮರೆತಿದ್ದರು. ಉಗ್ರಪ್ಪ ಅದರಿಂದ ಆಟೋ ಎತ್ತಿ, ಅದರ ಹೊಟ್ಟೆಯಡಿಗೆ ಬೀಸೋ ಕಲ್ಲು, ಬಟ್ಟೆ ಒಗೆಯೋ ಕಲ್ಲು, ಮನೆಯ ಮೆಟ್ಟಿಲ ಕಲ್ಲು ಕೊಟ್ಟಿದ್ದ. ಮೂರು ಚಕ್ರವೂ ಮೇಲೆ ತೂಗುತ್ತಿದ್ದವು.

"ನೋಡವ್ವ" ಅಂದ ಉಗ್ರಪ್ಪ. "ಚಕ್ರದ ಕೆಳಗೆ ಏನೂ ಇಲ್ಲ. ನೆಲಾನೂ ಇಲ್ಲ!"

ಓಬಮ್ಮ ಬಯ್ಯಲಿಲ್ಲ. ಬುಟ್ಟಿ ಎತ್ತಿ ಮಗನ ತಲೆ ಮೇಲೆ ಇಟ್ಟಳು.

"ನಾನು ಹೇಳೋ ತನಕ ಇಳಿಸಬ್ಯಾಡ" ಅಂದಳು.

ಸಂತೆಯಲ್ಲಿ ಗಿರಾಕಿಗಳು ಸ್ಟೂಲು ಹತ್ತಿ ಕೋಡುಬಳೆ ಆರಿಸಿಕೊಂಡರು. ಅದಾಗಿ ಎಷ್ಟೋ ಸಂತೆ ಕಳೆದವು. ಓಬಮ್ಮ ಇನ್ನೂ ಹೇಳಿಲ್ಲ. ಅವಳಿಗೇನೂ ಅವಸರವಿಲ್ಲ.